ನಿಮಗಿದು ಗೊತ್ತೇ? ಜಾಗದ ಮಾತು ಕೇಳಿದ ಕಟ್ಟಡಗಳು

ದೂರದಿಂದಲೇ ಕಣ್ಣು ಕುಕ್ಕುವ ಕಟ್ಟಡಗಳಿಗೆ ಬರವಿಲ್ಲ. ಸುತ್ತಲಿನ ಬೆಟ್ಟ, ಮರ, ಗಾಳಿ, ಬಿಸಿಲಿಗೆ ಹೊಂದಿಕೊಂಡು ನಿಂತವು ಮಾತ್ರ ಅಪರೂಪ. ಅಂಥ ಕೆಲವು ಇಲ್ಲಿವೆ.

● ಶ್ರೀಲಂಕಾದ ದಂಬುಲ್ಲ ಬಳಿಯ ಕಂಡಲಮ ಹೋಟೆಲ್ ಸುಮಾರು ಒಂದು ಕಿಲೋಮೀಟರ್ ಉದ್ದವಿದೆ. ಆದರೂ ಎದುರಿನ ಕೆರೆಯ ಆಚೆಯಿಂದ ನೋಡಿದರೆ ಕಾಡೇ ಕಾಣುತ್ತದೆ! ವಾಸ್ತುಶಿಲ್ಪಿ ಜೆಫ್ರಿ ಬಾವಾ ಅವರಿಗೆ ಮೊದಲು ಸೂಚಿಸಿದ್ದು ಸಿಗಿರಿಯ ಬಂಡೆಯ ಹತ್ತಿರದ ಜಾಗ. ಅದು ಬೇಡವೆಂದ ಅವರು, ಸಿಗಿರಿಯ ದೂರದಲ್ಲಿ ಕಾಣುವ ಈ ಬೆಟ್ಟದ ಬದಿಯನ್ನು ಆರಿಸಿಕೊಂಡರು. ಕಟ್ಟಡ ಬಂಡೆಯ ಮಗ್ಗುಲಿಗೇ ಬಾಗುತ್ತ ಸಾಗುತ್ತದೆ. ಒಳಗಿನ ಓಡಾಟದ ದಾರಿಯಲ್ಲೂ ಬಂಡೆ ಇದ್ದಂತೆಯೇ ಇದೆ. ಹೊರಮೈಯನ್ನು ಬಳ್ಳಿಗಳು ಮುಚ್ಚಿವೆ. ಹೋಟೆಲ್ ಶುರುವಾದದ್ದು 1994ರಲ್ಲಿ.

● ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಗೋಡೆಗಳಿಗೆ ಗಿಲಾವೇ ಇಲ್ಲ. ಬಿ.ವಿ. ದೋಶಿ ಈ ನಾಡಿನ ಒರಟು ಗ್ರಾನೈಟ್ ಕಲ್ಲನ್ನೇ ಬಳಸಿದರು. ಉದ್ದನೆಯ ಪಡಸಾಲೆಗಳು ಒಂದೆಡೆ ಮುಚ್ಚಿಕೊಂಡು, ಇನ್ನೊಂದೆಡೆ ಆಕಾಶಕ್ಕೆ ತೆರೆದುಕೊಳ್ಳುತ್ತವೆ. ಇದಕ್ಕೆ ಸ್ಫೂರ್ತಿ ಫತೇಪುರ್ ಸಿಕ್ರಿ. ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ (2018) ಮೊದಲ ಭಾರತೀಯ ದೋಶಿ.

● ಸ್ವಿಟ್ಜರ್ಲೆಂಡಿನ ವಾಲ್ಸ್ ಹಳ್ಳಿಯ ಬಿಸಿನೀರಿನ ಸ್ನಾನಗೃಹ (1996) ಅರ್ಧ ಗುಡ್ಡದೊಳಗೆ ಹುದುಗಿದೆ. ಪೀಟರ್ ಝುಮ್ತೋರ್ ಅದೇ ಕಣಿವೆಯ ಕಲ್ಲಿನ ಸುಮಾರು 60 ಸಾವಿರ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದರು. ತಾರಸಿಯ ಮೇಲೆ ಬೆಳೆದಿರುವುದು ಹುಲ್ಲು.

● ಜಪಾನಿನ ಫುಕುವೋಕಾದಲ್ಲಿ 'ಆಕ್ರೋಸ್' ಕಟ್ಟಡ (1995) ಬೀದಿಯ ಕಡೆ ಮಾಮೂಲಿ ಗಾಜಿನ ಕಚೇರಿ. ಉದ್ಯಾನದ ಕಡೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹಸಿರು ಬೆಟ್ಟ! ವಿನ್ಯಾಸ ಎಮಿಲಿಯೊ ಅಂಬಾಸ್ ಅವರದು. ನೆಟ್ಟ ಗಿಡಗಳ ಜೊತೆ ಹಕ್ಕಿಗಳು ತಂದ ಬೀಜಗಳೂ ಬೇರು ಬಿಟ್ಟಿವೆ.

● ಅದೇ ಜಪಾನಿನ ನವೋಶಿಮಾ ದ್ವೀಪದ ಚಿಚು ಕಲಾ ಸಂಗ್ರಹಾಲಯ (2004) ಬಹುಪಾಲು ನೆಲದಡಿಯಲ್ಲಿದೆ. ಗುಡ್ಡದ ನೋಟ ಕೆಡದಿರಲೆಂದು ತಡಾವೊ ಆಂಡೊ ಹೂಡಿದ ಉಪಾಯ ಇದು. ಅಲ್ಲಿರುವ ಫ್ರೆಂಚ್ ಕಲಾವಿದ ಮೊನೆಯ ಚಿತ್ರಗಳಿಗೆ ಬೀಳುವುದು ಹಗಲಿನ ಬೆಳಕು ಮಾತ್ರ. ಹಾಗಾಗಿ ಬೆಳಿಗ್ಗೆ ಕಂಡ ಬಣ್ಣ ಸಂಜೆಗೆ ಬೇರೆ!

● ಚೀನಾದ ನಿಂಗ್ಬೊ ಇತಿಹಾಸ ಸಂಗ್ರಹಾಲಯದ (2008) ಗೋಡೆಗಳಲ್ಲಿ ನೆಲಸಮವಾದ ಹಳ್ಳಿಗಳ ಇಟ್ಟಿಗೆ, ಹಂಚುಗಳಿವೆ. ಅವನ್ನು ಆಯ್ದು ತಂದು ಕಟ್ಟಿಸಿದವರು ವಾಂಗ್ ಶು.

● ಆಫ್ರಿಕಾದ ಬುರ್ಕಿನಾ ಫಾಸೊದ ಗಾಂಡೊ ಹಳ್ಳಿಯ ಶಾಲೆಗೆ (2001) ಫ್ಯಾನೂ ಬೇಡ, ಎಸಿಯೂ ಬೇಡ. ಅಲ್ಲೇ ಹುಟ್ಟಿದ ಫ್ರಾನ್ಸಿಸ್ ಕೆರೆ ಊರವರ ಕೈಯಲ್ಲೇ ಮಣ್ಣಿನ ಇಟ್ಟಿಗೆ ಮಾಡಿಸಿದರು. ತಗಡಿನ ಚಾವಣಿಯನ್ನು ಗೋಡೆಗಳಿಗಿಂತ ಮೇಲಕ್ಕೆತ್ತಿ ಕೂರಿಸಿದ್ದರಿಂದ ಬಿಸಿಗಾಳಿ ನಡುವೆ ಹೊರಟುಹೋಗುತ್ತದೆ. 2022ರಲ್ಲಿ ಪ್ರಿಟ್ಜ್‌ಕರ್ ಪಡೆದ ಕೆರೆ, ಆ ಗೌರವ ಪಡೆದ ಮೊದಲ ಆಫ್ರಿಕನ್.

● ರಾಜಸ್ಥಾನದ ಜೈಸಲ್ಮೇರ್ ಬಳಿಯ ರಾಜಕುಮಾರಿ ರತ್ನಾವತಿ ಬಾಲಕಿಯರ ಶಾಲೆಯೂ ಹೀಗೆಯೇ. ಮೊಟ್ಟೆಯಾಕಾರದ ಈ ಕಟ್ಟಡಕ್ಕೆ ಅಲ್ಲಿನದೇ ಹಳದಿ ಮರಳುಗಲ್ಲು. ಕಲ್ಲಿನ ಜಾಲರಿಗಳು ಮರುಭೂಮಿಯ ಝಳ ತಡೆದು ಗಾಳಿ ಬಿಡುತ್ತವೆ. ವಿನ್ಯಾಸ ಡಯಾನಾ ಕೆಲಾಗ್ ಅವರದು.

● ಇಟ್ಟಿಗೆಯನ್ನು ಸುಡಲೇಬೇಕೆಂದೇನೂ ಇಲ್ಲ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ವಿಭಾಗ, ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ತೆಗೆಯುವ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿತು. ಗೂಡು ಬೇಡ, ಸೌದೆ ಬೇಡ. ಮಣ್ಣು ಒಗ್ಗುವಂತಿದ್ದರೆ ಪಾಯಕ್ಕೆ ಅಗೆದದ್ದೇ ಗೋಡೆಯಾಗುತ್ತದೆ.

ನೀವೂ ಮನೆ ಕಟ್ಟಿಸುವವರಿದ್ದೀರಾ? ನಕ್ಷೆ ಬರೆಸುವ ಮುನ್ನ ಸೈಟಿನಲ್ಲಿ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಗಾಳಿ ಎತ್ತಣಿಂದ ಬೀಸುತ್ತದೆ, ಮಳೆನೀರು ಎತ್ತ ಹರಿಯುತ್ತದೆ ಎಂದು ನೋಡಿಕೊಳ್ಳಿ. ಅಲ್ಲೊಂದು ಮರವಿದ್ದರೆ ಅದಕ್ಕೂ ನಕ್ಷೆಯಲ್ಲಿ ಜಾಗ ಕೊಡಿ.