ಕಾದು ಕೊಳ್ಳುವ ಚಾಕು

ಗೃಹಿಣಿಯು ದಿನಕ್ಕೆ ಹತ್ತಾರು ಬಾರಿ ಕೈಗೆತ್ತಿಕೊಳ್ಳುವ ಸಾಧನ ಚಾಕು. ಆದರೂ ಅದನ್ನು ಕೊಳ್ಳುವಾಗ ನಾವು ವಹಿಸುವ ಎಚ್ಚರ ಅತ್ಯಲ್ಪ. ಅಂಗಡಿಯಲ್ಲಿ ಹೊಳಪು ಕಂಡು ಕೊಳ್ಳುತ್ತೇವೆ. ಕೆಲವೇ ತಿಂಗಳಲ್ಲಿ ಅದು ಮೊಂಡಾದರೆ ಮೂಲೆಗೆಸೆದು ಮತ್ತೊಂದನ್ನು ತರುತ್ತೇವೆ. ಇಂತಹ ಕಾಲದಲ್ಲಿ ಒಂದೇ ಒಂದು ಚಾಕುವಿಗಾಗಿ ವರ್ಷಗಟ್ಟಲೆ ಕಾಯುವ ಜನರಿದ್ದಾರೆಂದರೆ ಆಶ್ಚರ್ಯವೆನಿಸುತ್ತದೆ. ಅಮೆರಿಕದಲ್ಲಿ ಕೈಯಿಂದ ಚಾಕು ಮಾಡುವ ಹೆಸರಾಂತ ಕಮ್ಮಾರರ ಬಳಿ ಇದು ಸಾಮಾನ್ಯ ಸಂಗತಿ. ಅಲ್ಲಿ ನೆಲೆಸಿರುವ ನಮ್ಮ ಮಕ್ಕಳು ಇಂತಹ ಚಾಕುವಿಗೆ ಹೆಸರು ಬರೆಸಿರುವುದನ್ನು ಹೇಳಿದಾಗ, “ಹಣ ಕೊಡಲು ಸಿದ್ಧವಿದ್ದರೂ ಕಾಯಬೇಕೇ?” ಎಂದು ಹಿರಿಯರು ಕೇಳುವುದು ಸಹಜ. ಕಾಯಕವನ್ನು ಪೂಜೆಯೆಂದು ಬಗೆದ ಶರಣ ಪರಂಪರೆಯವರಾದ ನಾವು ಈ ಪ್ರಶ್ನೆಯನ್ನು ತುಸು ನಿಧಾನವಾಗಿ ವಿಚಾರಿಸುವುದು ಉಚಿತ.

ಕುಲುಮೆಯ ಪರೀಕ್ಷೆ

ಅಮೆರಿಕದಲ್ಲಿ ಕೈಯಿಂದ ಅಲಗು ಬಡಿಯುವ ವಿದ್ಯೆ ನಶಿಸುತ್ತಿದ್ದ ಕಾಲದಲ್ಲಿ, 1976ರಲ್ಲಿ, ವಿಲಿಯಂ ಮೊರಾನ್ ಎಂಬ ಕುಶಲಕರ್ಮಿ ‘ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ’ಯ ಸ್ಥಾಪನೆಗೆ ಕಾರಣರಾದರು. ಈ ಸಂಸ್ಥೆಯು ಕೊಡುವ ‘ಮಾಸ್ಟರ್ ಸ್ಮಿತ್’ ಪದವಿ ಸುಲಭವಾಗಿ ದೊರೆಯುವುದಲ್ಲ. ಅಭ್ಯರ್ಥಿಯು ತಾನೇ ಬಡಿದು ಮಾಡಿದ ಅಲಗಿನಿಂದ, ಮೇಲಿನಿಂದ ಸಡಿಲವಾಗಿ ತೂಗುಬಿಟ್ಟ ಒಂದು ಅಂಗುಲ ದಪ್ಪದ ಹಗ್ಗವನ್ನು ಒಂದೇ ಏಟಿಗೆ ತುಂಡರಿಸಬೇಕು. ಅದೇ ಅಲಗಿನಿಂದ ಮರದ ತೊಲೆಯನ್ನು ಎರಡು ಬಾರಿ ಕಡಿಯಬೇಕು. ಅಷ್ಟಾದ ಮೇಲೂ ಅದು ಮುಂಗೈಯ ರೋಮವನ್ನು ಬೋಳಿಸುವಷ್ಟು ಹರಿತವಾಗಿ ಉಳಿದಿರಬೇಕು. ಕೊನೆಯಲ್ಲಿ ಅಲಗನ್ನು ಇಕ್ಕುಳದಲ್ಲಿ ಸಿಕ್ಕಿಸಿ 90 ಡಿಗ್ರಿಯವರೆಗೆ ಬಾಗಿಸಿದಾಗ ಅದು ಮುರಿಯಬಾರದು.

ಹರಿತ ನಿಲ್ಲಬೇಕಾದರೆ ಉಕ್ಕು ಗಡುಸಾಗಿರಬೇಕು, ಮುರಿಯದಿರಬೇಕಾದರೆ ಮೃದುವಾಗಿರಬೇಕು. ಈ ಎರಡು ವಿರುದ್ಧ ಗುಣಗಳನ್ನು ಒಂದೇ ಅಲಗಿನಲ್ಲಿ ಕೂಡಿಸುವುದೇ ಕಮ್ಮಾರನ ವಿದ್ಯೆ. ಪರೀಕ್ಷೆಯಲ್ಲಿ ತೇರ್ಗಡೆಯಾದ ಅಲಗು ಬಾಗಿ ನಿರುಪಯೋಗವಾಗುತ್ತದೆಂಬುದನ್ನು ಗಮನಿಸಬೇಕು. ಉಳಿಯುವುದು ವಿದ್ಯೆ ಮಾತ್ರ.

ಸರತಿ ಬೆಳೆದ ಬಗೆ

ವಾಷಿಂಗ್ಟನ್ ರಾಜ್ಯದ ಬಾಬ್ ಕ್ರೇಮರ್ ಅವರು ಈ ಪದವಿ ಪಡೆದು, ಅಡುಗೆಮನೆಯ ಚಾಕುವನ್ನೇ ತಮ್ಮ ಕ್ಷೇತ್ರವಾಗಿ ಆರಿಸಿಕೊಂಡವರು. ಮೊದಲು ಬಾಣಸಿಗರಾಗಿ ದುಡಿದ ಇವರು ಸಿಯಾಟಲ್ ನಗರದಲ್ಲಿ ಹೋಟೆಲುಗಳ ಚಾಕುಗಳಿಗೆ ಸಾಣೆ ಹಿಡಿಯುವ ವೃತ್ತಿಗಿಳಿದರು. ಅಲ್ಲಿಂದ ಅಲಗು ಬಡಿಯುವುದನ್ನು ಕಲಿಯಲು ಹೊರಟರು. ಪತ್ರಿಕೆಗಳ ಪ್ರಶಂಸೆಯಿಂದ ಬೇಡಿಕೆ ಏರಿತು. 2008ರಲ್ಲಿ ‘ದ ನ್ಯೂಯಾರ್ಕರ್’ ಪತ್ರಿಕೆ ಇವರ ಬಗ್ಗೆ ದೀರ್ಘ ಲೇಖನವನ್ನೇ ಪ್ರಕಟಿಸಿತು. ಕಾಯುವವರ ಪಟ್ಟಿ ವರ್ಷಗಳಷ್ಟು ಉದ್ದವಾಯಿತು. ಕೊನೆಗೆ ಅವರು ಹೊಸ ಹೆಸರು ಬರೆದುಕೊಳ್ಳುವುದನ್ನು ನಿಲ್ಲಿಸಿ, ಸಿದ್ಧವಾದ ಚಾಕುಗಳನ್ನು ಚೀಟಿ ಎತ್ತುವ ಮೂಲಕವೂ ಹರಾಜಿನ ಮೂಲಕವೂ ಮಾರುವ ಪದ್ಧತಿಯನ್ನು ತಂದರು. ತಮ್ಮ ಮಾದರಿಯ ಚಾಕುಗಳನ್ನು ಕಾರ್ಖಾನೆಯಲ್ಲಿ ತಯಾರಿಸಲು ಜರ್ಮನಿಯ ಜ್ವಿಲ್ಲಿಂಗ್ ಸಂಸ್ಥೆಗೆ ಅನುಮತಿಯಿತ್ತರು. ಅವು ಜಪಾನಿನ ಸೆಕಿ ನಗರದಲ್ಲಿ ತಯಾರಾದವು.

ವಿಳಂಬ ಏಕೆ?

ಒಂದು ಚಾಕುವಿನ ಹಿಂದೆ ಅನೇಕ ಹಂತಗಳಿವೆ. ಉಕ್ಕನ್ನು ಕಾಯಿಸಿ ಬಡಿದು ರೂಪ ಕೊಡಬೇಕು. ಬಡಿತದಿಂದ ಒಳಗೆ ಸೇರಿದ ಬಿಗಿತವನ್ನು ಮತ್ತೆ ಕಾಯಿಸಿ ಆರಿಸಿ ಕಳೆಯಬೇಕು. ಬಳಿಕ ಕೆಂಪಗೆ ಕಾದ ಅಲಗನ್ನು ಎಣ್ಣೆಯಲ್ಲಿ ಅದ್ದಿ ಗಡುಸುಗೊಳಿಸಬೇಕು. ಆಗ ಅದು ಗಾಜಿನಂತೆ ಒಡೆಯುವ ಸ್ಥಿತಿಯಲ್ಲಿರುತ್ತದೆ. ಆದ್ದರಿಂದ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ಗಂಟೆ ಇಟ್ಟು ಹದಕ್ಕೆ ತರಬೇಕು. ಅನಂತರ ಅರೆಯುವುದು, ಹಿಡಿ ಕೂರಿಸುವುದು, ಸಾಣೆ ಹಿಡಿಯುವುದು. ಎಣ್ಣೆಯಲ್ಲಿ ಅದ್ದಿದಾಗ ಅಲಗು ಸೊಟ್ಟಗಾದರೆ ಅಥವಾ ಬಿರುಕು ಬಿಟ್ಟರೆ ಅದುವರೆಗಿನ ಶ್ರಮವೆಲ್ಲ ವ್ಯರ್ಥ.

ಈ ಕೆಲಸಕ್ಕೆ ಇರುವುದು ಎರಡೇ ಕೈ. ಬೇಡಿಕೆ ಹತ್ತು ಪಟ್ಟಾದರೂ ಕೈಗಳು ಹತ್ತು ಪಟ್ಟಾಗುವುದಿಲ್ಲ. ಆಗ ಕಮ್ಮಾರನ ಮುಂದಿರುವ ದಾರಿ ಎರಡು: ಕೆಲಸದಲ್ಲಿ ಅವಸರ ಮಾಡುವುದು, ಇಲ್ಲವೇ ಬಂದವರಿಗೆ ಕಾಯುವಂತೆ ಹೇಳುವುದು. ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನೆನಪಾಗುತ್ತದೆ. ಪತಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಂದಂದಿನ ಕಾಯಕಕ್ಕೆ ಮೀರಿದುದನ್ನು ಆ ಶರಣೆ ಹಿಂದಿರುಗಿಸಿದಳು. ತನ್ನ ಕೈಗೆ ಮೀರಿದ ಬೇಡಿಕೆಯನ್ನು ಒಪ್ಪಿಕೊಳ್ಳದ ಕಮ್ಮಾರನೂ ಆ ಹಾದಿಯ ಸಮೀಪದಲ್ಲಿದ್ದಾನೆ.

ಮುಂಗಡವೆಂಬ ಋಣ

ಆದರೆ ಎಲ್ಲ ವಿಳಂಬವೂ ಶ್ರೇಷ್ಠತೆಯ ಗುರುತಲ್ಲ. ಮುಂಗಡ ಪಡೆದು, ಅದನ್ನು ಖರ್ಚು ಮಾಡಿ, ವರ್ಷಗಳಾದರೂ ಚಾಕು ಕೊಡಲಾಗದೆ ಕಣ್ತಪ್ಪಿಸಿಕೊಳ್ಳುವವರೂ ಈ ವೃತ್ತಿಯಲ್ಲಿ ಉಂಟು. ಅದಕ್ಕಾಗಿಯೇ ಅನೇಕ ಪ್ರಾಮಾಣಿಕ ಕುಶಲಕರ್ಮಿಗಳು ಮುಂಗಡವನ್ನೇ ಮುಟ್ಟುವುದಿಲ್ಲ. ಹೆಸರನ್ನು ಬರೆದುಕೊಂಡು, ಸರತಿ ಬಂದಾಗ ತಿಳಿಸಿ, ಚಾಕು ಸಿದ್ಧವಾದ ಮೇಲೆ ಹಣ ಪಡೆಯುತ್ತಾರೆ. ಖರ್ಚಾಗಿ ಹೋದ ಹಣಕ್ಕೆ ದುಡಿಯುವಾಗ ಕೈಯಲ್ಲಿ ಉತ್ಸಾಹವಿರುವುದಿಲ್ಲವೆಂಬ ಅನುಭವ ಅವರದು.

ಆದ್ದರಿಂದ ಹೆಸರು ಬರೆಸುವ ಮೊದಲು ಕೆಲವು ಮಾತುಗಳನ್ನು ಕೇಳಿ ತಿಳಿಯಬೇಕು. ಕಾಯಬೇಕಾದ ಅವಧಿ ಎಷ್ಟು? ಬೆಲೆ ಇಂದಿನದೋ, ಸರತಿ ಬಂದ ದಿನದ್ದೋ? ಮುಂಗಡ ಕೊಟ್ಟರೆ, ಬೇಡವಾದಾಗ ಅದು ಹಿಂದಿರುಗುವುದೇ? ಯಾವ ಉಕ್ಕು, ಅಲಗಿನ ಉದ್ದವೆಷ್ಟು? ಮುಂದೆ ಸಾಣೆ ಹಿಡಿದುಕೊಡುವರೇ? ಉತ್ತರಗಳು ಬರಹದಲ್ಲಿರಲಿ. ಹಿಂದೆ ಹೆಸರು ಬರೆಸಿದವರಿಗೆ ಚಾಕು ತಲುಪಿದೆಯೇ ಎಂದು ವಿಚಾರಿಸಿದರೆ ಇನ್ನೂ ಒಳ್ಳೆಯದು.

ಕೊಳ್ಳುವವರಿಗೂ ಧರ್ಮವಿದೆ. ಕಮ್ಮಾರನನ್ನು ಪದೇ ಪದೇ ಅವಸರಿಸಬಾರದು. ಮನಸ್ಸು ಬದಲಾದರೆ ಕೂಡಲೇ ತಿಳಿಸಿ ಮುಂದಿನವರಿಗೆ ದಾರಿ ಬಿಡಬೇಕು. ಹೆಚ್ಚಿನ ಬೆಲೆಗೆ ಮಾರುವ ಲಾಭದಾಸೆಯಿಂದಲೇ ಸರತಿಯಲ್ಲಿ ನಿಲ್ಲುವುದು, ನಿಜವಾಗಿ ಅಡುಗೆ ಮಾಡುವವರ ಪಾಲನ್ನು ಕಸಿದಂತೆ. ಹರಾಜಿನಲ್ಲಿ ಸಾವಿರಾರು ಡಾಲರು ತೆತ್ತು ತಂದ ಚಾಕು ಗಾಜಿನ ಕಪಾಟು ಸೇರಿದರೆ ಅದು ಸಾಧನವಾಗಿ ಉಳಿಯದೆ ಸಂಪತ್ತಿನ ಪ್ರದರ್ಶನವಾಗುತ್ತದೆ.

ಮನೆಗೆ ಬಂದ ಮೇಲೆ

ಇಂತಹ ಚಾಕುಗಳಲ್ಲಿ ಅನೇಕವು ತುಕ್ಕು ಹಿಡಿಯುವ ಉಕ್ಕಿನವು. ಹುಣಸೆ, ನಿಂಬೆ, ಟೊಮೇಟೊ ತಾಗಿದರೆ ಬಣ್ಣ ಕಂದುತ್ತದೆ. ನಮ್ಮ ಹಿರಿಯರ ಈಳಿಗೆಮಣೆಯ ಅಲಗು ಕಪ್ಪಾಗುತ್ತಿದ್ದುದನ್ನು ಕಂಡವರಿಗೆ ಇದು ಹೊಸತಲ್ಲ. ಬಳಸಿದೊಡನೆ ತೊಳೆದು ಒರೆಸಿಡಬೇಕು. ಮರದ ಹಲಗೆಯ ಮೇಲೆ ಹೆಚ್ಚಬೇಕು. ಕಲ್ಲಿನ ಕಟ್ಟೆಯ ಮೇಲಲ್ಲ. ತೆಂಗಿನಕಾಯಿ ಒಡೆಯಲು ಬಳಸಬಾರದು. ಪರದೇಶದಿಂದ ತರುವವರು ವಿಮಾನದಲ್ಲಿ ಕೈಚೀಲದಲ್ಲಿಡದೆ, ಒಪ್ಪಿಸುವ ಪೆಟ್ಟಿಗೆಯಲ್ಲಿ ಭದ್ರವಾಗಿ ಸುತ್ತಿ ಇಡಬೇಕು.

ನಮ್ಮ ಕುಲುಮೆಯ ಮುಂದೆ

ದಕ್ಷಿಣ ಭಾರತದ ಉಕ್ಕು ಶತಮಾನಗಳ ಕಾಲ ಪರದೇಶಗಳಿಗೆ ಹೋಗುತ್ತಿತ್ತು. ಅದಕ್ಕೆ ಪಾಶ್ಚಾತ್ಯರು ಕೊಟ್ಟ ‘ವೂಟ್ಸ್’ ಎಂಬ ಹೆಸರು ನಮ್ಮ ‘ಉಕ್ಕು’ ಶಬ್ದದಿಂದಲೇ ಬಂದಿತೆಂಬುದು ವಿದ್ವಾಂಸರಲ್ಲಿ ಪ್ರಚಲಿತವಾದ ಅಭಿಪ್ರಾಯ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಉಕ್ಕಿನ ತಯಾರಿಕೆಯನ್ನು ಬರೆದಿಟ್ಟಿದ್ದಾನೆ. ನಮ್ಮ ಹಳ್ಳಿಗಳಲ್ಲಿ ಕಮ್ಮಾರನು ಆಯಗಾರನಾಗಿದ್ದು, ವರ್ಷವಿಡೀ ಕುಡುಗೋಲು, ಕುಳಗಳನ್ನು ಮಾಡಿಕೊಟ್ಟು ಸುಗ್ಗಿಯಲ್ಲಿ ಧಾನ್ಯ ಪಡೆಯುತ್ತಿದ್ದನು. ಅಲ್ಲಿ ಕೊಳ್ಳುವವನು ಕಾಯುತ್ತಾನೆ. ಇಲ್ಲಿ ಮಾಡುವವನೇ ಕಾಯುತ್ತಿದ್ದನು. ಎರಡರ ಬುಡದಲ್ಲಿಯೂ ಇದ್ದುದು ಪರಸ್ಪರ ವಿಶ್ವಾಸ.

ಪರದೇಶದ ಕುಶಲಕರ್ಮಿಗಾಗಿ ಮೂರು ವರ್ಷ ಗೌರವದಿಂದ ಕಾಯುವ ನಾವು, ನಮ್ಮೂರಿನ ಕಮ್ಮಾರನಿಗೆ “ನಾಳೆಯೇ ಬೇಕು, ಬೆಲೆ ಇಳಿಸು” ಎನ್ನುವುದು ನ್ಯಾಯವೇ? ಊರಿನಲ್ಲಿ ಇನ್ನೂ ಕುಲುಮೆಯಿದ್ದರೆ ಒಮ್ಮೆ ಅಲ್ಲಿಗೆ ಹೋಗಿ, ಮನೆಗೆ ಬೇಕಾದ ಒಂದು ಚಾಕುವನ್ನೋ ಈಳಿಗೆಯನ್ನೋ ಹೇಳಿಮಾಡಿಸೋಣ. ಎಷ್ಟು ದಿನ ಬೇಕೆಂಬುದನ್ನು ಅವರೇ ಹೇಳಲಿ. ಆ ಮಾತನ್ನು ಮನ್ನಿಸೋಣ. ಕೇಳಿದ ಬೆಲೆಯನ್ನು ಮನಃಪೂರ್ವಕವಾಗಿ ಕೊಡೋಣ. ಕಾಯಕವನ್ನು ಗೌರವಿಸುವುದೆಂದರೆ ಅದಕ್ಕೆ ಬೇಕಾದ ಕಾಲವನ್ನೂ ಗೌರವಿಸುವುದೆಂಬ ಅರಿವು ನಮ್ಮ ಮಕ್ಕಳಲ್ಲಿ ಮೂಡಿದರೆ, ಆ ಚಾಕು ಮನೆಗೆ ತಂದ ಲಾಭ ತರಕಾರಿ ಹೆಚ್ಚುವುದಕ್ಕಿಂತ ಹಿರಿದಾಗುತ್ತದೆ.