ಜ್ವರಕ್ಕೆ ಕೂತ ಹುಳುವಿನ ಮನೆದಾರಿ

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿ ರಾಗಿಯ ಸೀಮೆ. ವರ್ಷವಿಡೀ ಹರಿಯುವ ಹೊಳೆ ಇಲ್ಲಿಲ್ಲ, ನೀರಾವರಿಗೆ ಕೊಳವೆಬಾವಿಯೇ ಗತಿ. ಇಂಥ ನೆಲದಲ್ಲಿ ಸ್ವಲ್ಪ ನೀರಿಗೂ ಒಗ್ಗಿಕೊಂಡು ಮತ್ತೆ ಮತ್ತೆ ಚಿಗುರುವ ಹಿಪ್ಪುನೇರಳೆ, ಸಣ್ಣ ಹಿಡುವಳಿದಾರರ ಕೈಗೆ ಆಗಾಗ ಕಾಸು ಕಾಣಿಸುವ ಬೆಳೆ. ತಾಲ್ಲೂಕು ಕೇಂದ್ರ ದೊಡ್ಡಬಳ್ಳಾಪುರ ನೇಕಾರರ ಊರು. ಪಕ್ಕದ ದೇವನಹಳ್ಳಿ ತಾಲ್ಲೂಕಿನ ವಿಜಯಪುರ, ಅದರಾಚೆಯ ಶಿಡ್ಲಘಟ್ಟ ರೇಷ್ಮೆಗೂಡಿನ ವ್ಯಾಪಾರಕ್ಕೆ ಹೆಸರಾದವು. ತೋಟ, ಗೂಡು, ಮಗ್ಗ ಎಲ್ಲರಿಗೂ ಗೊತ್ತು. ಇವೆಲ್ಲಕ್ಕೂ ಮೊದಲು ಬರುವ ಚಾಕಿ ಸಾಕಣೆ ಕೇಂದ್ರ ಮಾತ್ರ ರೇಷ್ಮೆ ಬೆಳೆಗಾರರನ್ನು ಬಿಟ್ಟರೆ ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಮರಿಹುಳುಗಳನ್ನು ಅಲ್ಲಿಂದ ಮನೆಗೆ ತರುವ ಒಂದೆರಡು ಗಂಟೆಯಲ್ಲೇ ಬೆಳೆಯ ಅರ್ಧ ಹಣೆಬರಹ ತೀರ್ಮಾನವಾಗುತ್ತದೆ.

ಮೊಟ್ಟೆಯೊಡೆದು ಬಂದ ರೇಷ್ಮೆಹುಳು ಸುಮಾರು 3 ಮಿಲಿಮೀಟರ್ ಉದ್ದದ ಕಪ್ಪು ಎಳೆ. ತೂಕ ಅರ್ಧ ಮಿಲಿಗ್ರಾಂ ಮುಟ್ಟಿದರೆ ಹೆಚ್ಚು. ಅದೇ ಹುಳು ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ನಾಲ್ಕು ಬಾರಿ ಚರ್ಮ ಕಳಚಿ, ಐದು ಹಂತ ದಾಟಿ, ಹತ್ತು ಸಾವಿರ ಪಟ್ಟಿಗೆ ಹತ್ತಿರ ಬೆಳೆಯುತ್ತದೆ. ಇದರಲ್ಲಿ ಮೊದಲ ಎರಡು ಹಂತಗಳೇ ಚಾಕಿ. ಈ ಏಳೆಂಟು ದಿನ ಹುಳು ತಿನ್ನುವ ಸೊಪ್ಪು ಲೆಕ್ಕಕ್ಕೇ ಬಾರದಷ್ಟು. ಆದರೆ ಆಗ ತಗುಲಿದ ರೋಗ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಬಯಲಾಗುತ್ತದೆ. ಅಷ್ಟರಲ್ಲಿ ತೋಟದ ಸೊಪ್ಪು, ಮನೆಯವರ ದುಡಿಮೆ ಎಲ್ಲವೂ ಖರ್ಚಾಗಿರುತ್ತದೆ.

ಹಿಂದೆ ಪ್ರತಿ ಮನೆಯವರೂ ಮೊಟ್ಟೆ ತಂದು ತಾವೇ ಚಾಕಿ ಕಟ್ಟುತ್ತಿದ್ದರು. ಮೊದಲ ಹಂತದ ಹುಳುವಿಗೆ 27–28 ಡಿಗ್ರಿ ಬಿಸುಪು, ಶೇ 85–90ರಷ್ಟು ತೇವ ಬೇಕು. ಚಳಿಗಾಲದ ರಾತ್ರಿಯಲ್ಲಾಗಲಿ, ಏಪ್ರಿಲ್‌ನ ಒಣ ಮಧ್ಯಾಹ್ನದಲ್ಲಾಗಲಿ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಇದನ್ನು ಹೊಂದಿಸುವುದು ಸುಲಭವಲ್ಲ. ಹಾಗಾಗಿ ಅನೇಕ ರೈತರ ಹುಳುಗಳನ್ನು ಒಂದೇ ಸೂರಿನಡಿ, ಒಂದೇ ಹದದಲ್ಲಿ ಬೆಳೆಸಿಕೊಡುವ ಕೇಂದ್ರಗಳು ಬಂದವು. ಕರ್ನಾಟಕದಲ್ಲಿ ಬಿತ್ತನೆ, ಗೂಡು, ನೂಲಿನ ಉತ್ಪಾದನೆ ಮತ್ತು ಮಾರಾಟವನ್ನು ನಿಯಂತ್ರಿಸುವ ಕಾಯ್ದೆ 1959ರಷ್ಟು ಹಳೆಯದು. ಕೇಂದ್ರ ರೇಷ್ಮೆ ಮಂಡಳಿಯ ಬಿತ್ತನೆ ನಿಯಮಗಳು 2010ರಲ್ಲಿ ಬಂದ ಮೇಲೆ ಚಾಕಿ ಕೇಂದ್ರಗಳಿಗೂ ನೋಂದಣಿ ಬೇಕಾಯಿತು.

ಕೇಂದ್ರದೊಳಗಿನ ಕೆಲಸ ಮೊಟ್ಟೆಯಿಂದಲೇ ಶುರು. ಮೊಟ್ಟೆಯ ಮೇಲೆ ಕಪ್ಪು ಚುಕ್ಕೆ ಕಂಡ ಮೇಲೆ ಅದನ್ನು ಕಪ್ಪು ಕಾಗದದಲ್ಲಿ ಮುಚ್ಚಿ ಕತ್ತಲಲ್ಲಿ ಇಡುತ್ತಾರೆ. ಮುಂದೆ ಹೋದ ಭ್ರೂಣ ಕಾಯುತ್ತದೆ, ಹಿಂದೆ ಉಳಿದದ್ದು ಬಂದು ಕೂಡಿಕೊಳ್ಳುತ್ತದೆ. ಮೊಟ್ಟೆಯೊಡೆಯುವ ದಿನ ಬೆಳಿಗ್ಗೆ ಬೆಳಕಿಗೆ ಹಿಡಿದರೆ ಹುಳುಗಳೆಲ್ಲ ಒಟ್ಟಿಗೆ ಹೊರಬರುತ್ತವೆ. ನೂರು ಮೊಟ್ಟೆಗೆ ನಲವತ್ತರಿಂದ ಐವತ್ತು ಸಾವಿರ ಹುಳು. ರೈತರ ಲೆಕ್ಕದ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ನಾನೂರೈನೂರು ಮೊಟ್ಟೆಗಳ ಗುಂಪು. ಹುಳುಗಳ ಮೇಲೆ ಕುಡಿಯ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸುತ್ತಾರೆ. ಅಂಚಿಗೆ ಹರಿದುಹೋದ ಹುಳುವನ್ನು ಕೋಳಿಗರಿಯ ತುದಿಯಿಂದ ಒಳಗೆ ಸರಿಸುತ್ತಾರೆಯೇ ಹೊರತು ಬೆರಳು ತಾಗಿಸುವುದಿಲ್ಲ. ಬೆರಳಿನ ಒತ್ತಡಕ್ಕೆ ಆ ಮೈ ತಾಳದು.

ಇನ್ನು ಮನೆದಾರಿಯ ಮಾತು. ಹುಳು ರೈತನ ಕೈಸೇರುವುದು ಎರಡನೇ ಜ್ವರದಲ್ಲಿ. ರೇಷ್ಮೆಯವರ ಬಾಯಲ್ಲಿ ಜ್ವರ ಎಂದರೆ ಚರ್ಮ ಕಳಚುವ ಹೊತ್ತು. ಜ್ವರಕ್ಕೆ ಕೂತ ಹುಳುವನ್ನು ಹತ್ತಿರದಿಂದ ನೋಡಬೇಕು. ಸೊಪ್ಪು ಮುಟ್ಟದೆ, ಮೈ ಹೊಳಪೇರಿಸಿಕೊಂಡು, ತಲೆಯನ್ನು ಮೇಲೆತ್ತಿ ಅಲುಗಾಡದೆ ಕೂತಿರುತ್ತದೆ. ಅದಕ್ಕೂ ಮೊದಲೇ ಬಾಯಿಂದ ಸಣ್ಣ ರೇಷ್ಮೆ ಎಳೆಗಳನ್ನು ಬಿಟ್ಟು ತನ್ನಡಿಯ ಸೊಪ್ಪಿನ ಹಾಸಿಗೆಗೆ ಕಾಲುಗಳನ್ನು ಕಚ್ಚಿಸಿಕೊಂಡಿರುತ್ತದೆ. ಹಳೆಯ ಚರ್ಮ ಆ ಹಿಡಿತಕ್ಕೆ ಸಿಕ್ಕಿ ಹಿಂದೆ ಉಳಿದರೆ ಮಾತ್ರ ಹುಳು ಮುಂದಕ್ಕೆ ತೆವಳಿ ಹೊಸ ಮೈಯಲ್ಲಿ ಹೊರಬರಲು ಸಾಧ್ಯ. ಈ ಹೊತ್ತಿನಲ್ಲಿ ಅದಕ್ಕೆ ಹಸಿವಿಲ್ಲ, ಆದ್ದರಿಂದ ಪಯಣಕ್ಕೆ ಅನುಕೂಲ. ಆದರೆ ಹಿಡಿತ ತಪ್ಪಿದರೆ ಚರ್ಮ ಅರ್ಧಕ್ಕೇ ಸಿಕ್ಕಿಕೊಂಡು ಹುಳು ಸಾಯುತ್ತದೆ. ಸಾಗಿಸಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ, ಅಲುಗಿಸಲು ಇದಕ್ಕಿಂತ ಕೆಟ್ಟ ಸಮಯವೂ ಇಲ್ಲ.

ಹಾಗಾಗಿ ಬಲ್ಲವರು ಹುಳುವನ್ನು ಬಿಡಿಸಿ ಎತ್ತುವುದಿಲ್ಲ, ಹಾಸಿಗೆಯ ಸಮೇತ ಎತ್ತುತ್ತಾರೆ. ಸುಣ್ಣದ ಪುಡಿ ಚೆಲ್ಲಿ ಹಾಸಿಗೆಯನ್ನು ಮೊದಲೇ ಒಣಗಿಸಿರುತ್ತಾರೆ, ಹಸಿ ಹಾಸಿಗೆಯಲ್ಲಿ ಹುಳು ಕೆಡುತ್ತದೆ. ಬೆಳಗಿನ ಅಥವಾ ಸಂಜೆಯ ತಂಪಿನಲ್ಲೇ ಹೊರಡಬೇಕು. ಒಂದರ ಮೇಲೊಂದು ಜೋಡಿಸಿದ ತಟ್ಟೆಗಳ ನಡುವೆ ಗಾಳಿಯಾಡಬೇಕು, ಆದರೆ ಬೀಸುಗಾಳಿ ನೇರವಾಗಿ ಬಡಿಯಬಾರದು. ಹಳ್ಳದಿಣ್ಣೆಯ ರಸ್ತೆಯಲ್ಲಿ ಗಾಡಿಯ ವೇಗ ತಗ್ಗಿಸಬೇಕು. ನಿನ್ನೆ ಔಷಧಿ ಡಬ್ಬ ಹೊತ್ತ ಗಾಡಿಯಲ್ಲಿ ಇಂದು ಹುಳು ಏರಿಸಲೇಬಾರದು. ದ್ರಾಕ್ಷಿ, ತರಕಾರಿ ತೋಟಗಳೂ ಇರುವ ಈ ಸೀಮೆಯಲ್ಲಿ ಕೀಟನಾಶಕದ ಸೋಂಕು ದೊಡ್ಡ ಭಯ. ರೇಷ್ಮೆಹುಳುವೂ ಕೀಟವೇ. ಪಕ್ಕದ ತೋಟದಲ್ಲಿ ಹೊಡೆದದ್ದು ಗಾಳಿಯಲ್ಲಿ ತೇಲಿಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೂ ಸಾಕು.

ಹುಳು ಬರುವ ಮೊದಲೇ ಹುಳುಮನೆ ಬಾಣಂತಿಯ ಕೋಣೆಯ ಹಾಗೆ ಸಿದ್ಧವಾಗಿರಬೇಕು. ನಾಲ್ಕೈದು ದಿನ ಮುಂಚೆ ತೊಳೆದು, ಬ್ಲೀಚಿಂಗ್ ಪುಡಿ ಮತ್ತು ಸುಣ್ಣದ ದ್ರಾವಣ ಸಿಂಪಡಿಸಿ, ವಾಸನೆ ಹೋಗುವವರೆಗೆ ಕಿಟಕಿ ತೆರೆದಿಡುತ್ತಾರೆ. ಸ್ಟ್ಯಾಂಡಿನ ಕಾಲುಗಳಡಿ ಇರುವೆ ಹತ್ತದಂತೆ ನೀರಿನ ಬಟ್ಟಲು, ಹುಳುವಿಗೆ ಮಾರಕವಾದ ಊಜಿ ನೊಣ ನುಗ್ಗದಂತೆ ಕಿಟಕಿಗೆ ಬಲೆ. ಚಪ್ಪಲಿ ಹೊರಗೆ, ಕೈತೊಳೆದು ಒಳಗೆ. ನೂರು ಮೊಟ್ಟೆಯ ಹುಳು ಮೂರನೇ ಹಂತಕ್ಕೆ ಕಾಲಿಡುವಾಗ ಸುಮಾರು 45 ಚದರ ಅಡಿ ಜಾಗ ಬೇಕು. ಇಕ್ಕಟ್ಟಾದರೆ ಕೆಲವು ತಿಂದು ಕೊಬ್ಬುತ್ತವೆ, ಕೆಲವು ಸೊರಗುತ್ತವೆ.

ಮನೆ ಸೇರಿದ ಹುಳುಗಳಿಗೆ ಒಡನೆಯೇ ಸೊಪ್ಪು ಹಾಕಬೇಕೆಂದು ಕೈ ತುಡಿಯುತ್ತದೆ, ಹಾಕಬಾರದು. ಮೊದಲೆದ್ದ ಹುಳು ತಿನ್ನತೊಡಗಿದರೆ ಇನ್ನೂ ಜ್ವರದಲ್ಲಿರುವವು ಹಿಂದುಳಿಯುತ್ತವೆ, ಮುಂದೆ ಇಡೀ ಬೆಳೆ ಏರುಪೇರಾಗುತ್ತದೆ. ನೂರಕ್ಕೆ ತೊಂಬತ್ತೈದು ಹುಳು ಎದ್ದಿವೆಯೇ ನೋಡಬೇಕು. ಈಗಷ್ಟೇ ಎದ್ದ ಹುಳುವಿನ ತಲೆ ಮೈಗೆ ಹೋಲಿಸಿದರೆ ದೊಡ್ಡದಾಗಿ ಕಾಣುತ್ತದೆ, ಚರ್ಮ ಸುಕ್ಕಾಗಿ ಸಡಿಲವಾಗಿರುತ್ತದೆ. ಆಗ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ರೂಪಿಸಿದ ‘ವಿಜೇತ’ದಂಥ ಸೋಂಕುನಿವಾರಕ ಪುಡಿಯನ್ನು ತೆಳುವಾಗಿ ಧೂಳೀಕರಿಸಿ, ಅರ್ಧ ಗಂಟೆ ಬಿಟ್ಟು ಮೊದಲ ಮೇವು ಕೊಡುತ್ತಾರೆ. ಅದು ಎಳಸಾದ, ರಸವಿರುವ ಸೊಪ್ಪಾಗಿರಬೇಕು. ಬಲಿತ ಎಲೆಯನ್ನು ಆ ಹೊಸ ಬಾಯಿ ಕೊರೆಯಲಾರದು.

ಹುಳುಮನೆಯ ಈ ಕೆಲಸದಲ್ಲಿ ದೊಡ್ಡ ಪಾಲು ಹೆಣ್ಣುಮಕ್ಕಳದು. ಹುಳು ಎದ್ದಿತೋ ಇಲ್ಲವೋ, ಹಾಸಿಗೆ ಹಸಿಯೋ ಒಣಗಿದೆಯೋ ಎಂದು ಕಣ್ಣಳತೆಯಲ್ಲೇ ಹೇಳುವ ಅವರ ತಿಳಿವಳಿಕೆ ಯಾವ ಪ್ರಮಾಣಪತ್ರದಲ್ಲೂ ದಾಖಲಾಗುವುದಿಲ್ಲ. ಗೂಡಿನ ದರ ಮಾರುಕಟ್ಟೆಯ ಕೈಯಲ್ಲಿದೆ, ಮಳೆ ಮೋಡದ ಕೈಯಲ್ಲಿದೆ. ಕೇಂದ್ರದಿಂದ ಹುಳುಮನೆವರೆಗಿನ ಈ ದಾರಿ ಮಾತ್ರ ಪೂರ್ತಿಯಾಗಿ ರೈತ ಕುಟುಂಬದ ಕೈಯಲ್ಲಿದೆ. ಇದಕ್ಕೆ ಹೆಚ್ಚಿನ ಬಂಡವಾಳ ಬೇಡ, ಯಂತ್ರ ಬೇಡ. ತಂಪು ಹೊತ್ತು, ಶುಚಿಯಾದ ಗಾಡಿ, ಅವಸರವಿಲ್ಲದ ಕೈ ಸಾಕು. ಹೊಸದಾಗಿ ರೇಷ್ಮೆಗೆ ಇಳಿಯುವವರು ಸ್ಟ್ಯಾಂಡು, ಹುಳು ಗೂಡು ಕಟ್ಟುವ ಚಂದ್ರಿಕೆಗಳ ಬೆಲೆ ವಿಚಾರಿಸುವ ಮೊದಲು, ಎರಡನೇ ಜ್ವರದ ದಿನ ಒಬ್ಬ ಅನುಭವಿಯ ಜೊತೆ ಚಾಕಿ ಕೇಂದ್ರಕ್ಕೆ ಹೋಗಿ ಹುಳು ತರುವುದನ್ನು ನೋಡಿಬರಲಿ. ಮುಂದಿನ ಹದಿನೇಳು ಹದಿನೆಂಟು ದಿನದ ಕಷ್ಟಕ್ಕೆ ಬೇಕಾದ ಮೊದಲ ಪಾಠ ಅಲ್ಲೇ ಸಿಗುತ್ತದೆ.