ಹೇಳಿ ಮಾಡಿಸುವ ಗಿಟಾರು

ಚನ್ನಪಟ್ಟಣವೆಂದೊಡನೆ ಬಣ್ಣದ ಬೊಂಬೆ ನೆನಪಾಗುವುದು ಸಹಜ. ಆದರೆ 1800ರಲ್ಲಿ ಅಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಉಕ್ಕಿನ ತಂತಿಯ ಕೀರ್ತಿಯನ್ನೂ ಬರೆದಿಟ್ಟಿದ್ದಾನೆ. ವಾದ್ಯಗಳಿಗಾಗಿ ಅದು ದೂರದ ಸೀಮೆಗಳಿಗೂ ಹೋಗುತ್ತಿತ್ತು. ವಿದ್ಯುತ್ ಗಿಟಾರಿನ ಜೀವವೂ ಉಕ್ಕಿನ ತಂತಿಯೇ. ಅದು ಅಯಸ್ಕಾಂತದ ಮೇಲೆ ಕಂಪಿಸಿದಾಗ ತಾಮ್ರದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ, ಧ್ವನಿವರ್ಧಕದಲ್ಲಿ ನಾದವಾಗುತ್ತದೆ.

ಅಂಥದೊಂದನ್ನು ಹೇಳಿ ಮಾಡಿಸಿಕೊಡಬೇಕೆಂದು ನಮ್ಮ ಹದಿನಾಲ್ಕರ ಮಗನ ಹಟ. ಸಂಬಳದ ಲೆಕ್ಕವನ್ನು ಬದಿಗಿಟ್ಟರೂ ಒಂದು ಮಾತು ಉಳಿಯುತ್ತದೆ. ಒಬ್ಬನ ಅಳತೆಗೆ ಮಾಡಿದ ಗಿಟಾರು ಮತ್ತೊಬ್ಬನ ಕೈಗೆ ಒಗ್ಗುವುದು ಕಷ್ಟ. ಮಾರಹೊರಟರೆ ಹಾಕಿದ ಹಣ ಬಾರದು. ಹುಡುಗನ ಅಂಗೈಯೋ ಇನ್ನೂ ಬೆಳೆಯುತ್ತಿದೆ. ಆದಕಾರಣ ಸಾಧಾರಣ ಗಿಟಾರೊಂದನ್ನು ಕೊಡಿಸಿ, ಎರಡು ವರ್ಷ ಕಾಯುವುದೆಂದು ತೀರ್ಮಾನಿಸಿದ್ದೇವೆ. ಆಗಲೂ ಅವನ ಹಟ ಹೀಗೆಯೇ ಇದ್ದರೆ, ಮುಂಗಡ ಕಟ್ಟಲು ನಾನೇ ಮೊದಲು ಹೊರಡುತ್ತೇನೆ.